ಬೋಗುಣಿಯಿಂದ ಎತ್ತಿದ ಕಾಲು

ತೊಡೆಯ ಮೇಲೆ ತಣ್ಣಗೆ ಏನೋ ಹರಡುತ್ತಿದೆ, ನೀರೇ, ಇನ್ನೇನು, ಬೋಗುಣಿಯನ್ನು ಒರೆಸದೆ ಚೀಲಕ್ಕೆ ತುರುಕಿಕೊಂಡು ಬಂದರೆ ಸೋರದೆ ಇರುತ್ತದೆಯೇ, ಯರ್ರಮ್ಮ ಚೀಲವನ್ನು ಪಕ್ಕಕ್ಕೆ ಸರಿಸಿ ನೋಡಿದಳು, ಸೀರೆಯ ಮೇಲೆ ಅಂಗೈಯಗಲ ಒದ್ದೆ, ಅದರ ಮೇಲೆ ಸೊಂಟಕ್ಕೆ ಕಟ್ಟಿದ ಟವೆಲ್ಲು ಇನ್ನೂ ಹಾಗೆಯೇ ಇದೆ, ಅಯ್ಯೋ ನನ್ನ ಕರ್ಮವೇ, ಇದನ್ನು ಕಟ್ಟಿಕೊಂಡೇ ಪೇಟೆಯುದ್ದಕ್ಕೂ ನಡೆದು ಬಂದಿದ್ದಾಳೆ, ಚಳ್ಳಕೆರೆಯ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತಿದ್ದಾಳೆ, ಹೋಟೆಲಿನಲ್ಲಿ ಟೇಬಲ್ ಒರೆಸುವವಳ ಹಾಗೆ, ನೋಡಿದವರು ನೋಡಿರಲಿ, ಈ ಊರಿಗೆ ಮೂವತ್ತೊಂದು ವರ್ಷ ನರ್ಸ್ ಆಗಿ ಸೂಜಿ ಚುಚ್ಚಿದ್ದಾಳೆ, ಇಲ್ಲಿ ಯಾರ ಕುಂಡೆ ಎಷ್ಟು ಅಗಲ ಎಂಬುದೂ ಅವಳಿಗೆ ಗೊತ್ತು, ಅವರ ಮುಂದೆ ಇವಳಿಗೆಂಥ ನಾಚಿಕೆ. ಎಲ್ಲಿಗಮ್ಮ ಎಂದ ಕಂಡಕ್ಟರ್, ಮೊಳಕಾಲ್ಮೂರು, ಆಧಾರ್ ತೋರಿಸ್ರಿ, ತೋರಿಸಿದಳು, ಹೆಂಗಸರಿಗೆ ಪುಕ್ಕಟೆ ಟಿಕೆಟ್ ಹರಿಯುವಾಗ ಅವನ ಮುಖ ಹರಳೆಣ್ಣೆ ಕುಡಿದವನ ಹಾಗೆ ಆಗುತ್ತದೆ, ಅವನಪ್ಪನ ಮನೆಯಿಂದ ಕೊಟ್ಟವನ ಹಾಗೆ. ಬಸ್ಸು ಹೊರಟಿತು, ಎಣ್ಣೆ ಮಿಲ್ಲುಗಳ ಸಾಲು ಹಿಂದಕ್ಕೆ ಸರಿಯಿತು, ಕಿಟಕಿಯಿಂದ ಶೇಂಗಾ ಹಿಂಡಿಯ ವಾಸನೆ ನುಗ್ಗಿತು, ಈ ವಾಸನೆಯಲ್ಲೇ ಹುಟ್ಟಿ ಈ ವಾಸನೆಯಲ್ಲೇ ಸಾಯುವ ಜನ, ಸಾಯಲಿ, ಆ ಎಣ್ಣೆ ಮಿಲ್ಲಿನ ಕೊಟ್ಟೂರಪ್ಪನೂ ಅಷ್ಟೇ, ಕೊಳೆತು ಸಾಯಲಿ, ಇಲ್ಲ, ಹಾಗನ್ನಬಾರದು, ಇವತ್ತು ಪವಿತ್ರ ಗುರುವಾರ, ಸಾಯುವುದು ಬೇಡ, ಕಾಲು ಒಂದು ಹೋಗಲಿ ಸಾಕು.

ಕಾಲು. ಬೋಗುಣಿಯಿಂದ ಸರಕ್ಕನೆ ಮೇಲೆದ್ದ ಕಾಲು, ನೀರಿನಿಂದ ಗೇಣೆತ್ತರದಲ್ಲಿ ನಿಂತುಬಿಟ್ಟ ಕಾಲು, ಹಿಮ್ಮಡಿಯಿಂದ ತೊಟತೊಟ ನೀರು, ಆ ನೀರು ಅವಳ ಕನ್ನಡಕದ ಮೇಲೆ ಸಿಡಿದದ್ದು, ಮಂಜಾದ ಗಾಜಿನ ಆಚೆ ಕೊಟ್ಟೂರಪ್ಪನ ಬಾಯಿ ತೆರೆದುಕೊಂಡದ್ದು, ಏಳವ್ವ, ಏಳು, ಮುಟ್ಟಬ್ಯಾಡ, ಇನ್ನ ಈ ಕೆಲಸಕ್ಕೆ ನಮ್ಮ ಮನೀಗೆ ಬರಬ್ಯಾಡ. ಬರಬ್ಯಾಡವಂತೆ! ಆರು ವಾರ, ವಾರಕ್ಕೆ ಮೂರು ಸಲ, ಮೊಳಕಾಲ್ಮೂರಿನಿಂದ ಬಸ್ಸು ಹಿಡಿದು ಬಂದದ್ದು ಯಾರಿಗಾಗಿ, ಇವಳಿಗೇನು ಮನೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲವೇ, ನಿಜ ಹೇಳಬೇಕೆಂದರೆ ಹೋಗುತ್ತಿರಲಿಲ್ಲ, ಅದು ಬೇರೆ ಮಾತು. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಎಲ್ಲರೂ ಮಾಂಸ ಬಿಡುತ್ತಾರೆ, ಬಾಲರಾಜ್ ಬೀಡಿ ಬಿಡುತ್ತೇನೆ ಎಂದು ಪ್ರತಿ ವರ್ಷ ಬಿಟ್ಟು ಈಸ್ಟರ್ ಹಬ್ಬದ ಮಧ್ಯಾಹ್ನವೇ ಹಚ್ಚುತ್ತಾನೆ, ಗಂಡ ಅನ್ನಿಸಿಕೊಂಡವನ ತ್ಯಾಗ ಅಷ್ಟು, ಅವಳು ಈ ಸಲ ಬಿಡುವುದಲ್ಲ, ಹಿಡಿಯುವುದು ಎಂದುಕೊಂಡಳು, ಹಿಡಿದದ್ದು ಈ ಕಾಲನ್ನು. ಬಳ್ಳಾರಿ ಜಾಲಿಯ ಮುಳ್ಳು ಹಿಮ್ಮಡಿಗೆ ಹೊಕ್ಕು ಹದಿನೈದು ದಿನ ಒಳಗೇ ಇದ್ದರೂ ಈ ಮನುಷ್ಯನಿಗೆ ಗೊತ್ತಾಗಿರಲಿಲ್ಲ, ಸಕ್ಕರೆ ಕಾಯಿಲೆ ಕಾಲಿನ ನೋವನ್ನೇ ತಿಂದು ಹಾಕಿತ್ತು, ಮಿಲ್ಲಿನ ಯಜಮಾನರಂತೆ, ಚೀಲ ಎತ್ತಿ ನೋಡಿ ಶೇಂಗಾ ಎಷ್ಟು ಹಸಿ ಅಂತ ಹೇಳುತ್ತಾರಂತೆ, ಸ್ವಂತ ಕಾಲಿನಲ್ಲಿ ಮುಳ್ಳು ಇದೆ ಅಂತ ತಿಳಿಯದು. ದಾವಣಗೆರೆಯ ಡಾಕ್ಟರು ಹೇಳಿ ಕಳಿಸಿದ್ದರು, ಗಾಯ ಎಲುಬು ಮುಟ್ಟಿದರೆ ಪಾದ ತೆಗೆಯಬೇಕು, ದಿನ ಬಿಟ್ಟು ದಿನ ಶುದ್ಧವಾಗಿ ಕಟ್ಟಿಸಿಕೊಳ್ಳಿ. ಕಟ್ಟುವವರು ಯಾರು, ಆ ಬೀದಿಯ ಕಾಂಪೌಂಡರ್ ಬಂದು ಮೂಗಿಗೆ ಕರ್ಚೀಫು ಹಿಡಿದುಕೊಂಡು ಕಟ್ಟಿದ, ಎರಡನೆಯ ಸಲ ಬರಲೇ ಇಲ್ಲ. ಮೊದಲ ದಿನ ಅವಳು ಬಟ್ಟೆ ಬಿಚ್ಚಿದಾಗ ಒಳಗೆ ಕಪ್ಪಗೆ, ಹುಣಸೆಹಣ್ಣಿನಂತೆ, ಕಪ್ಪನ್ನೆಲ್ಲ ಕತ್ತರಿಸಿ ತೆಗೆದು, ಒಂದೊಂದೇ ವಾರ, ಮೊನ್ನೆ ಮಂಗಳವಾರ ನೋಡಿದರೆ ಅಂಚಿನಿಂದ ಕೆಂಪು ಮಾಂಸ ಚಿಗುರುತ್ತಿತ್ತು, ಎಂಥ ಚೆಂದದ ಕೆಂಪು, ಅದನ್ನು ನೋಡಿದವರಿಗೇ ಗೊತ್ತು, ಈ ಶೇಂಗಾದವರಿಗೇನು ಗೊತ್ತು.

ತಪ್ಪು ಏನು ಮಾಡಿದಳು, ತೊಳೆದಳು, ಅಷ್ಟೇ. ಇವತ್ತಿನ ದಿನವೇ ಅಲ್ಲವೇ ಯೇಸುಸ್ವಾಮಿ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದದ್ದು, ಇವತ್ತು ಸಂಜೆ ಮೊಳಕಾಲ್ಮೂರಿನ ಚರ್ಚಿನಲ್ಲಿ ಫಾದರ್ ಕೂಡ ತೊಳೆಯುತ್ತಾರೆ, ಅಯ್ಯಯ್ಯಪ್ಪ ಆ ತಮಾಷೆ ನೋಡಬೇಕು, ಹನ್ನೆರಡು ಕುರ್ಚಿ, ಹನ್ನೆರಡು ಜನ, ಎಲ್ಲರೂ ಮನೆಯಲ್ಲೇ ಸೋಪು ಹಚ್ಚಿ ಕಲ್ಲಿನಿಂದ ತಿಕ್ಕಿ ಉಗುರು ಕತ್ತರಿಸಿಕೊಂಡು ಹೊಸ ಕಾಲುಚೀಲ ಹಾಕಿಕೊಂಡು ಬಂದಿರುತ್ತಾರೆ, ಹೋದ ವರ್ಷ ಒಬ್ಬ ಪೌಡರನ್ನೂ ಹಾಕಿಕೊಂಡಿದ್ದ, ಆ ಪೌಡರಿನ ಕಾಲಿಗೆ ಫಾದರ್ ತಾಮ್ರದ ಚೊಂಬಿನಿಂದ ಮೂರು ಹನಿ ಬಿಟ್ಟು ಒರೆಸಿ ಮುತ್ತಿಟ್ಟರು, ತೊಳೆದು ತಂದ ಪಾತ್ರೆಯನ್ನು ಮತ್ತೆ ತೊಳೆದಂತೆ. ಅವಳು ಹಿಂದಿನ ಬೆಂಚಿನಲ್ಲಿ ಕುಳಿತು ನಕ್ಕುಬಿಟ್ಟಿದ್ದಳು, ಬಾಲರಾಜ್ ಮೊಣಕೈಯಿಂದ ತಿವಿದಿದ್ದ. ಶಿಷ್ಯ ಪೇತ್ರನ ಕಥೆ ಓದುವಾಗಲೂ ಅವಳಿಗೆ ನಗು, ಆ ಪೆದ್ದ ಬೆಸ್ತ, ಸ್ವಾಮಿಯೇ ಬಂದು ಕಾಲ ಹತ್ತಿರ ಕೂತರೆ ನನ್ನ ಕಾಲು ನೀನು ತೊಳೆಯಬಾರದು ಎಂದು ಎಳೆದುಕೊಂಡನಂತೆ, ಕೊಡುವವರು ಕೊಡುವಾಗ ಸುಮ್ಮನೆ ಚಾಚುವುದು ಬಿಟ್ಟು. ಆವತ್ತೇ ಅವಳು ನಿಶ್ಚಯ ಮಾಡಿದ್ದಳು, ಮುಂದಿನ ವರ್ಷ ನಾನು ತೋರಿಸುತ್ತೇನೆ ಕಾಲು ತೊಳೆಯುವುದು ಎಂದರೆ ಏನು, ಕೀವಿನ ಕಾಲು, ನಾತದ ಕಾಲು, ಒಬ್ಬರೂ ಮೂಸದ ಕಾಲು. ಅದಕ್ಕೇ ಇವತ್ತು ಆಸ್ಪತ್ರೆಯವರು ನಿವೃತ್ತಿಯ ದಿನ ಕೊಟ್ಟ ನೀಲಿ ಅಂಚಿನ ಪಿಂಗಾಣಿ ಬೋಗುಣಿ ಹೊತ್ತುಕೊಂಡು ಹೋದದ್ದು, ಉಗುರುಬೆಚ್ಚಗಿನ ನೀರು ತರಿಸಿದ್ದು, ಕುರ್ಚಿಯ ಮುಂದೆ ನೆಲಕ್ಕೆ ಮಂಡಿಯೂರಿದ್ದು, ಕೈಗವಸು ತೆಗೆದದ್ದು, ಕೊಟ್ಟೂರಪ್ಪ ಮೊದಮೊದಲು ಸುಮ್ಮನಿದ್ದ, ಇದೂ ಒಂದು ಚಿಕಿತ್ಸೆ ಎಂದುಕೊಂಡಿರಬೇಕು, ಅವಳು ಹಿಮ್ಮಡಿಯ ಸುತ್ತ ಬೆರಳಾಡಿಸಿದಳು, ಒಳಗೊಳಗೇ ಪ್ರಾರ್ಥನೆ ಹೇಳಿಕೊಂಡಳು, ಟವೆಲ್ಲಿನಿಂದ ಒರೆಸುವ ಮೊದಲು, ಕಾಲಿನ್ನೂ ನೀರಿನಲ್ಲಿರುವಾಗಲೇ, ಬಗ್ಗಿ ಅವನ ಪಾದಕ್ಕೆ ಹಣೆ ಮುಟ್ಟಿಸಿದಳು. ಆಗ ಎದ್ದಿತು ನೋಡಿ ಕಾಲು.

ತಳಕು ಬಂತು, ನಾಲ್ಕು ಜನ ಇಳಿದರು, ಎಂಟು ಜನ ಹತ್ತಿದರು, ಒಬ್ಬಾಕೆ ಪಕ್ಕದಲ್ಲಿ ಕೂತು ಮಡಿಲಿನಿಂದ ಹುರಿದ ಶೇಂಗಾ ತೆಗೆದು ತಿನ್ನತೊಡಗಿದಳು, ಸಿಪ್ಪೆಯೆಲ್ಲ ಯರ್ರಮ್ಮನ ಕಾಲ ಬಳಿಗೇ, ತಿನ್ರಿ ನರ್ಸಮ್ಮ ಎಂದು ಅಂಗೈ ಚಾಚಿದಳು, ಇವಳಿಗೆ ನನ್ನ ಪರಿಚಯ ಎಲ್ಲಿಂದ, ಯಾವ ಹೆರಿಗೆಯೋ, ಯಾವ ಇಂಜೆಕ್ಷನ್ನೋ, ಬೇಡ ಎಂದಳು, ಹಲ್ಲು ನೋವು ಎಂದಳು, ಹಲ್ಲು ಚೆನ್ನಾಗಿಯೇ ಇವೆ. ಸಮಾಧಾನ ಎಲ್ಲಿ, ಅದು ಬರಬೇಕಿತ್ತಲ್ಲ ಇಷ್ಟು ಹೊತ್ತಿಗೆ, ಹೋದ ತಿಂಗಳು ಫಾದರ್ ಪ್ರಸಂಗದಲ್ಲಿ ಹೇಳಿದ್ದು ಅದೇ, ನೀವು ಒಂದು ಮನೆಗೆ ಒಳ್ಳೆಯದನ್ನು ಹೊತ್ತುಕೊಂಡು ಹೋಗ್ತೀರಿ, ಅವರು ಬೇಡ ಅಂದರೆ ಜಗಳ ಬೇಡ, ಕಾಲಿನ ಧೂಳು ಕೊಡವಿ ಬಂದುಬಿಡಿ, ನೀವು ಕೊಟ್ಟ ಸಮಾಧಾನ ನಿಮಗೇ ವಾಪಸ್ ಬರುತ್ತದೆ. ಕೊಡವಿದಳಲ್ಲ, ಯಾರೂ ಕೊಡವದ ಹಾಗೆ ಕೊಡವಿದಳು, ಕೊಟ್ಟೂರಪ್ಪನ ಮನೆಯ ಬಾಗಿಲಲ್ಲಿ ಎರಡೂ ಚಪ್ಪಲಿ ಕೈಯಲ್ಲಿ ಹಿಡಿದು ಹೊಸ್ತಿಲಿನ ಕಲ್ಲಿಗೆ ಫಟ್ ಫಟ್ ಎಂದು ಬಡಿದಳು, ಒಳಗೆ ಅಡುಗೆಮನೆಯವರೆಗೆ ಕೇಳಿರಬೇಕು, ಕೇಳಲಿ ಎಂದೇ ಬಡಿದದ್ದು, ಒಬ್ಬರ ಹೊಸ್ತಿಲಿಗೆ ಚಪ್ಪಲಿ ಬಡಿದರೆ ಈ ಸೀಮೆಯಲ್ಲಿ ಏನರ್ಥ ಎಂದು ಅವಳಿಗೆ ಗೊತ್ತಿಲ್ಲವೇ, ಗೊತ್ತಿದ್ದೇ ಬಡಿದದ್ದು. ಧೂಳೂ ಹೋಯಿತು, ಮರ್ಯಾದೆಯೂ ಹೋಯಿತು, ಸಮಾಧಾನ ಮಾತ್ರ ಚಳ್ಳಕೆರೆಯಲ್ಲೇ ಬಸ್ಸು ತಪ್ಪಿಸಿಕೊಂಡಿರಬೇಕು. ಆ ಪ್ರಸಂಗ ಕೇಳಿ ಬಂದ ದಿನ ಊಟಕ್ಕೆ ಕೂತಾಗ ಬಾಲರಾಜ್ ಮುದ್ದೆ ಮುರಿಯುತ್ತಾ ಹೇಳಿದ್ದ, ಧೂಳು ಕೊಡವೋದು ಅವರ ಮುಖಕ್ಕಲ್ಲ ಕಣೇ, ಅವರ ಮನೆಯದು ನಿನ್ನ ಕಾಲಿಗಂಟಿ ನಿನ್ನ ಮನೇಗೆ ಬರಬಾರದು ಅಂತ, ಓಹೋ ನೀವು ಯಾವಾಗ ಫಾದರ್ ಆದ್ರಿ ಎಂದು ಅವಳು ಸಾರು ಬಡಿಸಿದ್ದಳು, ಅವನು ಮುದ್ದೆ ನುಂಗಿದ, ನುಂಗುವುದೊಂದು ಗೊತ್ತು ಅವನಿಗೆ, ನಲವತ್ತು ವರ್ಷ ನುಂಗಿಕೊಂಡೇ ಬದುಕಿದ ಗಂಡಸು. ಅವನೇ ಅಲ್ಲವೇ ಹೋದ ಭಾನುವಾರ ತಲೆ ಕೆರೆದುಕೊಂಡು ಬಂದದ್ದು, ಈ ಸಲ ಹೆಂಗಸರೂ ಕೂರಬಹುದಂತೆ ಕಣೇ ಹನ್ನೆರಡು ಜನದಲ್ಲಿ, ನಿನ್ನ ಹೆಸರು ಕೊಟ್ಟೀನಿ. ಕೊಟ್ಟೀರಾ, ಕೇಳಿ ಕೊಟ್ರಾ, ನನ್ನ ಕಾಲು ತೊಳೆಯೋಕೆ ಇನ್ನೊಬ್ರು ಬೇಕಾ, ಒಡೆದ ಹಿಮ್ಮಡಿ, ಬೆರಳಿಗೆ ಬಿಗಿದು ಕಚ್ಚಿಕೊಂಡ ಕಾಲುಂಗುರ, ಅದನ್ನೆಲ್ಲ ಊರ ಮುಂದೆ ಚಾಚ್ಕೊಂಡು ಕೂರಬೇಕಾ, ತೆಗೆಸಿ ಹೆಸರು. ತೆಗೆಸಲಿಲ್ಲ ಅವನು, ಮನಸ್ಸು ಬದಲಾದ್ರೆ ಇರಲಿ ಎಂದ. ಬದಲಾಗುತ್ತದಂತೆ ಮನಸ್ಸು.

ಮುಟ್ಟಬ್ಯಾಡ. ಅದೊಂದು ಮಾತು ಆಡಬಾರದಿತ್ತು ಅವನು, ಬರಬ್ಯಾಡ ಅಂತ ಮಾತ್ರ ಅಂದಿದ್ದರೆ ಹೋಗಲಿ ಅನ್ನುತ್ತಿದ್ದಳು, ಇಲ್ಲ, ಅನ್ನುತ್ತಿರಲಿಲ್ಲ, ಆದರೂ ಆ ಮಾತು ಬೇರೆ. ದೇವಸಮುದ್ರದ ಹತ್ತಿರದ ಹಳ್ಳಿಯಲ್ಲಿ ಊರಾಚೆಯ ಕೇರಿ, ಅವ್ವ ಗೌಡರ ಹಿತ್ತಿಲಲ್ಲಿ ಬೊಗಸೆ ಒಡ್ಡಿ ನಿಂತಿದ್ದಾಳೆ, ಮೇಲಿನಿಂದ ನೀರು ಬೀಳುತ್ತಿದೆ, ಅರ್ಧ ಬಾಯಿಗೆ ಅರ್ಧ ಸೆರಗಿಗೆ, ಎತ್ತಿ ಹೊಯ್ಯುವವಳ ಕೈಯಲ್ಲಿ ಚೊಂಬು ಅವ್ವನ ಕೈಯಿಂದ ಗೇಣು ದೂರ, ಸರಿಯಾಗಿ ಗೇಣು, ಯರ್ರಮ್ಮನಿಗೆ ಆಗ ಏಳು ವರ್ಷ, ದಾರಿಯಲ್ಲಿ ಕೇಳಿದ್ದಳು, ಎಂದುಕಮ್ಮಾ ಅಟ್ಲ ಪೋಸ್ತಾರು, ಯಾಕಮ್ಮ ಹಾಗೆ ಹೊಯ್ತಾರೆ ಎಂದು, ಅವ್ವ ಒದ್ದೆ ಸೆರಗು ಹಿಂಡಿಕೊಂಡು ನಡೆದಿದ್ದಳು. ಆಮೇಲೆ ಕನ್ಯಾಸ್ತ್ರೀಯರ ಹಾಸ್ಟೆಲ್ಲು, ಜ್ಞಾನಸ್ನಾನ, ಮಾರ್ತಾ ಎಂಬ ಹೆಸರು, ಬಿಳಿ ಕ್ಯಾಪು, ಆಸ್ಪತ್ರೆಯಲ್ಲಿ ಆ ಗೌಡರ ಸೊಸೆಯೇ ಹೆರಿಗೆ ನೋವಿನಲ್ಲಿ ಇವಳ ಕೈ ಹಿಡಿದು ಬಿಡಲಿಲ್ಲ, ಬಿಡ್ರಿ ಎಂದರೂ ಬಿಡಲಿಲ್ಲ, ಆಗ ಬಾಯಿಗೆ ಬಂದಿತ್ತು ಮುಟ್ಟಬ್ಯಾಡ ಅನ್ನಲು, ಅನ್ನಲಿಲ್ಲ, ಎಂಥ ದೊಡ್ಡತನ ನನ್ನದು ಎಂದು ಆ ದಿನವೆಲ್ಲ ಸಂತೋಷಪಟ್ಟಿದ್ದಳು. ಕೊಟ್ಟೂರಪ್ಪನ ಮಗ ಹುಟ್ಟಿದ್ದೂ ಇದೇ ಕೈಯಲ್ಲಿ, ಮಗು ತಿರುಗಿತ್ತು, ಡಾಕ್ಟರು ಊರಲ್ಲಿರಲಿಲ್ಲ, ಕಾಲು ಮೊದಲು ಬಂತು, ಅಲ್ಲೂ ಕಾಲೇ ನೋಡಿ, ಆ ಮನೆಯವರಿಗೆ ಎಲ್ಲದಕ್ಕೂ ಮೊದಲು ಕಾಲು, ಅಂಗೈಯಷ್ಟಿಲ್ಲದ ಆ ಕಾಲು ಹಿಡಿದು ಅವಳು ಎಳೆಯದೆ ಕಾದಳು, ಒಂದು ಗಂಟೆ ಕಾದಳು, ತಾಯಿ ಬಸವಲಿಂಗಮ್ಮ ಬದುಕಿದಳು, ಮಗ ಬದುಕಿದ. ಅದೇ ಬಸವಲಿಂಗಮ್ಮ ಆರು ವಾರದ ಹಿಂದೆ ಮೊದಲ ದಿನ ಕಾಫಿ ಕೊಟ್ಟದ್ದು ಪೇಪರ್ ಲೋಟದಲ್ಲಿ, ಮನೆಯವರದ್ದೆಲ್ಲ ಸ್ಟೀಲ್ ಲೋಟ, ಇವಳದ್ದು ಪೇಪರ್, ಇವಳು ಕುಡಿದು ಲೋಟ ಮುದುರಿ ಅವರ ಕಣ್ಣ ಮುಂದೆಯೇ ಅಂಗಳಕ್ಕೆ ಎಸೆದಿದ್ದಳು. ಇವತ್ತು ನೋಡಬೇಕಿತ್ತು ಆಕೆಯನ್ನು, ಗಂಡ ಕಾಲೆತ್ತಿ ಕೂಗಿದ ಕೂಡಲೇ ಓಡಿ ಬಂದು, ಬೋಗುಣಿಯನ್ನು ಎರಡೂ ಕೈಯಲ್ಲಿ ಎತ್ತಿ, ಮೈಯಿಂದ ದೂರ ಹಿಡಿದು, ತುಳುಕದ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಹೋದಳು, ನನ್ನ ಮೈಲಿಗೆ ತಾಗಿಬಿಟ್ಟೀತೆಂದು, ಬಚ್ಚಲಿಗೆ ಹೊಯ್ಯುವುದಕ್ಕೂ ಅಸಹ್ಯವೇನೋ, ಅಂಗಳದ ಬಿಲ್ವಪತ್ರೆ ಗಿಡದ ಬುಡಕ್ಕೆ ಸುರಿದಳು, ಬುದ್ಧಿಗೆ ಬೆಂಕಿ ಹಾಕ, ಕೀವಿನ ನೀರನ್ನು ಯಾರಾದರೂ ಪೂಜೆಯ ಪತ್ರೆ ಕೀಳುವ ಗಿಡಕ್ಕೆ ಹೊಯ್ಯುತ್ತಾರೆಯೇ. ಹಿರೇಹಳ್ಳಿ ದಾಟಿತು. ಶೇಂಗಾದವಳು ನಿದ್ದೆ ಹೋಗಿ ಇವಳ ಭುಜಕ್ಕೆ ಒರಗಿದ್ದಾಳೆ, ತಳ್ಳಿದಳು, ಮತ್ತೆ ಒರಗಿದಳು.

ಫೋನು ಬಡಿದುಕೊಂಡಿತು, ಕೊಟ್ಟೂರಪ್ಪನ ಸೊಸೆ ತ್ರಿವೇಣಿ, ಎತ್ತಬಾರದು, ಎತ್ತಿದಳು, ಬೈಯಲಿಕ್ಕಾದರೂ ಬೇಕಲ್ಲ ಒಬ್ಬರು. ಎಲ್ಲಿಗಂಟ ಹೋದ್ರಿ ನರ್ಸಮ್ಮ, ಸಿಟ್ಟಾಗಬ್ಯಾಡ್ರಿ, ಮಾವ ಅಳ್ತಾ ಕುಂತವ್ರೆ. ಅಳಲಿ, ಕಾಲು ಹೋದಾಗ ಇನ್ನೂ ಜೋರಾಗಿ ಅಳ್ತಾರೆ ಅನ್ನು. ಅದಕ್ಕಲ್ಲಮ್ಮ, ಕಾಲಿಗಲ್ಲ, ನಾನೇನು ಜಂಗಮನಾ ಅಂತಾರೆ, ಪಾದ ತೊಳೆದು ಹಣೆ ಹಚ್ಚೋದು ಸ್ವಾಮಿಗಳಿಗೆ, ನನ್ನಂಥ ಎಣ್ಣೆ ಮಾರೋನಿಗಾ ಅಂತಾರೆ, ಅದೂ ಯಾರ ಕೈಲಿ, ನನ್ನ ಮಗನ್ನ ಭೂಮಿಗೆ ಇಳಿಸಿದ ಕೈಲಿ, ಆಯಮ್ಮ ನನಗೆ ತಾಯಿ ಇದ್ದಂಗೆ, ತಾಯಿ ಕೈಲಿ ಪಾದಪೂಜೆ ಮಾಡಿಸ್ಕಂಡ್ನಲ್ಲ, ಯಾವ ಜನ್ಮಕ್ಕೆ ತೀರಿಸ್ಲಿ ಅಂತ, ಕೊರಳಿನ ಲಿಂಗದ ಕರಡಿಗೆ ಹಿಡ್ಕಂಡು ಒಂದೇ ಸಮ ಅಳ್ತಾರೆ, ಮಧ್ಯಾಹ್ನ ಊಟಾನೂ ಮಾಡಿಲ್ಲ. ಯರ್ರಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು, ಬಸ್ಸಿನ ಸದ್ದಿಗೆ ಸರಿಯಾಗಿ ಕೇಳಿಸಲಿಲ್ಲವೇನೋ, ಕೇಳಿಸಿತ್ತು. ಮತ್ತೆ ನಿಮ್ಮತ್ತೆ ಆ ನೀರನ್ನ ಗಿಡಕ್ಕೆ ಯಾಕೆ ಸುರಿದರು, ಮೈಲಿಗೆ ಅಂತ ತಾನೇ, ಎಂದಳು, ದನಿ ಜೋರಾಯಿತು, ಮುಂದಿನ ಸೀಟಿನವನು ತಿರುಗಿ ನೋಡಿದ, ನೋಡೋ ನೋಡು. ಅಯ್ಯೋ ಇಲ್ಲಮ್ಮ, ಪಾದ ತೊಳೆದ ನೀರು ಯಾರೂ ತುಳೀಬಾರದು ಅಂತ, ಬಚ್ಚಲಿಗೆ ಹೆಂಗೆ ಹಾಕ್ತಾರೆ, ತುಳುಕಿದ್ರೆ ಪಾಪ ಅಂತ ಅತ್ತೆ ಉಸಿರು ಬಿಗಿ ಹಿಡ್ಕಂಡು ಹೋದ್ರು, ಆಮೇಲೆ, ನೀವು ಹೋಗುವಾಗ ಹೊಸ್ತಿಲಿಗೆ ಚಪ್ಪಲಿ ಬಡಿದ್ರಲ್ಲ, ನನಗೆ ಎದೆ ಧಸಕ್ಕಂತು, ಅತ್ತೆ ಮಾತ್ರ ಹೇಳಿದ್ರು, ಸುಮ್ಕಿರು, ಚಪ್ಪಲೀಲಿ ಕಲ್ಲು ಸಿಕ್ಕಿರಬೇಕು ಪಾಪ ಆಯಮ್ಮಂಗೆ, ಬಿಸಿಲಲ್ಲಿ ನಡಕೊಂಡು ಬರ್ತಾರಲ್ಲ ಅಂತ. ಕಲ್ಲಿತ್ತಾ ನರ್ಸಮ್ಮ?

ಕಲ್ಲಿತ್ತು, ಎಂದಳು.

ಪೇಪರ್ ಲೋಟದ ಬಸವಲಿಂಗಮ್ಮ. ಆ ಲೋಟವೂ ಸುಳ್ಳಲ್ಲ, ಈ ಕಲ್ಲೂ ಸುಳ್ಳಲ್ಲ, ಒಂದೇ ಹೆಂಗಸಿನ ಒಂದೇ ಕೈ, ಇದನ್ನು ಇಟ್ಟುಕೊಂಡು ಈಗ ಏನು ಮಾಡುವುದು, ಪೂರ್ತಿ ಕೆಟ್ಟವರಾಗಿದ್ದರೆ ಎಷ್ಟು ಅನುಕೂಲವಿತ್ತು, ದರಿದ್ರದವರು, ನೆಟ್ಟಗೆ ಕೆಟ್ಟವರಾಗುವುದಕ್ಕೂ ಬರುವುದಿಲ್ಲ ಇವರಿಗೆ. ಸರಿ ಹಾಗಾದರೆ, ನಾಳೆ ಶುಭ ಶುಕ್ರವಾರ ಆಗಲ್ಲ, ಶನಿವಾರ ಬರ್ತೀನಿ, ಹಣೆಗಿಣೆ ಹಚ್ಚಲ್ಲ ಅನ್ನು ನಿಮ್ಮ ಮಾವಂಗೆ, ಎಂದಳು, ಎಷ್ಟು ಬೇಗ ಅಂದುಬಿಟ್ಟಳು, ನಾಚಿಕೆ ಬಿಟ್ಟು. ಆ ಕಡೆಯಿಂದ ತ್ರಿವೇಣಿ, ಬ್ಯಾಡ್ರಿ ನರ್ಸಮ್ಮ, ಒಪ್ಪಲ್ಲ ಅವರು, ನಿಮ್ಮನ್ನ ನೋಡಿದ್ರೆ ಕಾಲು ಚಾಚೋಕೇ ಆಗಲ್ಲವಂತೆ ಇನ್ನ, ಅತ್ತೆನೂ ಅದೇ ಮಾತು, ನೀವು ಬಂದ್ರೆ ಊಟಕ್ಕೆ ಬರ್ರಿ, ಕಾಲಿಗೆ ಬ್ಯಾಡ, ನಾನೇ ಕಟ್ತೀನಿ, ನೀವು ಮಾಡೋದು ಆರು ವಾರ ನೋಡೀನಲ್ಲ, ಹೇಳಿಕೊಡ್ರಿ. ನೀನಾ, ಬಳೆ ಸದ್ದು ಮಾಡಿಕೊಂಡು, ಉದ್ದುದ್ದ ಉಗುರು ಬಿಟ್ಟುಕೊಂಡು, ಮೊದಲ ದಿನ ಗಾಯ ನೋಡಿ ಗೋಡೆ ಹಿಡಿದುಕೊಂಡು ನಿಂತವಳು, ನೀನಾ ಕಟ್ಟುವವಳು. ಇದನ್ನೆಲ್ಲ ಅಂದಳೋ ಬರಿದೇ ಅಂದುಕೊಂಡಳೋ, ಆ ಕೆಂಪು ಮಾಂಸ ನನ್ನದು, ನಾನು ಚಿಗುರಿಸಿದ್ದು, ಬಾಯಿ ತೆರೆದರೆ ಅದೇ ಬರುತ್ತಿತ್ತು, ಬೇಡ ಅನ್ನುವವರ ಮುಂದೆ ಎರಡನೆಯ ಸಲ ಮಂಡಿಯೂರಿದರೆ ಅದು ಸೇವೆಯಲ್ಲ, ಭಿಕ್ಷೆ. ಅವನ ಕಾಲು. ಅವನು ಬೇಡ ಅನ್ನಬಹುದು. ಮೂವತ್ತೊಂದು ವರ್ಷದಲ್ಲಿ ಹೀಗೆ ಅನ್ನಿಸಿದ್ದಿಲ್ಲ, ರೋಗಿಗೆ ಕಾಲು ಇರುತ್ತದೆ, ಆ ಕಾಲು ಅವನದ್ದೇ ಆಗಿರುತ್ತದೆ, ಎಂಥ ಪೀಡೆ ಇದು. ಬರ್ಕೋ, ಎಂದಳು. ಮೊದಲು ಉಗುರು ಕತ್ತರಿಸು, ಬಳೆ ತೆಗಿ, ಕೈ ಮೊಣಕೈಗಂಟ ತೊಳಿ, ಗ್ಲೌಸ್ ಇಲ್ಲದೆ ಮುಟ್ಟಬೇಡ, ಸಲೈನ್ ಬಾಟಲಿಯಿಂದ ಮೇಲಿನಿಂದ ಹಾಯಿಸು, ತಿಕ್ಕಬೇಡ, ಒತ್ತಬೇಡ, ಬೆರಳಿನ ಸಂದು ದಿನಾ ನೋಡು, ವಿಭೂತಿ, ಅರಿಶಿನ, ಕಾಫಿಪುಡಿ ಏನಾದರೂ ಹಾಕಿದ್ರೋ ನಾನೇ ಬಂದು ನಿನ್ನ ಕಾಲು ಮುರೀತೀನಿ, ವಾಸನೆ ಬಂದ್ರೆ ಅವತ್ತೇ ದಾವಣಗೆರೆ, ನನ್ನ ಚಿಮಟ ಕತ್ತರಿ ಎಲ್ಲಾ ಬೆಳಗ್ಗೆ ಡ್ರೈವರ್ ಕೈಯಲ್ಲಿ ಕಳಿಸ್ತೀನಿ, ಬಸ್ ಸ್ಟ್ಯಾಂಡಿಗೆ ಬಂದು ಇಸ್ಕೋ. ನಿಮ್ಮ ಚಿಮಟಾನೇ ಕೊಡ್ತೀರಾ. ಕೊಡ್ತೀನಿ, ಕುದಿಸದೆ ಮುಟ್ಟಬೇಡ, ಮೂವತ್ತು ವರ್ಷದ್ದು ಅದು. ಹಾಂ, ಇನ್ನೊಂದು, ಮುಖ್ಯವಾದದ್ದು, ಸಕ್ಕರೆ ಕಾಲನ್ನ ಯಾವತ್ತೂ ನೀರಲ್ಲಿ ಅದ್ದಬೇಡ, ಗಾಯ ನೆನೆದರೆ ಮೆತ್ತಗಾಗುತ್ತೆ, ಮಾಡಿದ್ದೆಲ್ಲ ಹಾಳು, ನೂರು ಜನಕ್ಕೆ ಹೇಳೀನಿ ಇದನ್ನ, ಅದ್ದಬೇಡ.

ತ್ರಿವೇಣಿ ಬರೆದುಕೊಳ್ಳುತ್ತಿದ್ದಳು, ನಿಲ್ಲಿಸಿದಳು. ಇವತ್ತು ನೀವು ಬೋಗುಣೀಲಿ ಅದ್ದಿದ್ರಲ್ಲ ನರ್ಸಮ್ಮ?

ಬಿ.ಜಿ. ಕೆರೆಯಲ್ಲಿ ಬಸ್ಸು ನಿಂತಿತ್ತು, ಯಾರೋ ಸೌತೆಕಾಯಿ ಮಾರುತ್ತಿದ್ದರು, ಕಿಟಕಿಗೆ ತಟ್ಟೆ ತಾಗಿಸಿ, ತಗಳಮ್ಮ ತಣ್ಣಗೈತೆ ತಗಳಮ್ಮ, ಅವಳಿಗೆ ಸೌತೆಕಾಯಿ ಮಾತ್ರ ಕಾಣಿಸಿತು, ಅದರ ಮೇಲಿನ ಖಾರದ ಪುಡಿ ಕಾಣಿಸಿತು, ಎರಡೂ ಚೆನ್ನಾಗಿ ಕಾಣಿಸಿದವು. ಅದ್ದಿದಳು. ಗೊತ್ತಿದ್ದೂ ಅದ್ದಿದಳು. ಗಾಯಕ್ಕಾಗಿ ಅದ್ದಲಿಲ್ಲ, ಕೊಟ್ಟೂರಪ್ಪನಿಗಾಗಿಯೂ ಅಲ್ಲ, ಫಾದರ್‌ಗೆ ತೋರಿಸಬೇಕಿತ್ತು, ಆ ಪೌಡರ್ ಕಾಲಿನವರಿಗೆ ತೋರಿಸಬೇಕಿತ್ತು, ಸಂಜೆ ಹಿಂದಿನ ಬೆಂಚಿನಲ್ಲಿ ಕುಳಿತು ನಾನು ತೊಳೆದು ಬಂದೆ ನಿಜವಾದದ್ದನ್ನು ಎಂದು ಒಳಗೊಳಗೇ ಬೀಗಬೇಕಿತ್ತು, ಅದಕ್ಕೆ ಒಂದು ಕಾಲು ಬೇಕಿತ್ತು, ಸಿಕ್ಕಿತ್ತು, ಥೂ, ಮೂರು ಹನಿ ಬಿಟ್ಟ ಫಾದರ್ ಯಾರ ಗಾಯವನ್ನೂ ನೆನೆಸಲಿಲ್ಲ. ನರ್ಸಮ್ಮ, ಲೈನಲ್ಲಿದ್ದೀರಾ. ಇದ್ದೀನಿ. ಅದ್ದಿದ್ದು ತಪ್ಪು ಕಣವ್ವ, ನಾನು ಮಾಡಿದ್ದು ತಪ್ಪು, ಈಗಲೇ ತೇವ ಆರಿಸಿ ಒಣ ಬಟ್ಟೆ ಕಟ್ಟು, ಈಗಲೇ, ನಿಮ್ಮ ಮಾವ ಕಾಲು ಎಳಕೊಂಡಿದ್ದು ಒಳ್ಳೇದೇ ಆಯ್ತು. ಈ ಮಾತು ತನ್ನ ಬಾಯಿಂದ ಹೊರಬಿದ್ದದ್ದು ಅವಳಿಗೇ ಕೇಳಿಸಿತು, ತಪ್ಪು ಎಂದು ಯಾವ ಡಾಕ್ಟರಿಗೂ ಹೇಳಿದವಳಲ್ಲ, ಹಾಸ್ಟೆಲ್ಲಿನ ಯಾವ ಮದರ್‌ಗೂ ಹೇಳಿದವಳಲ್ಲ, ಉಗುರು ಬಿಟ್ಟ ಒಂದು ಹುಡುಗಿಗೆ ಹೇಳಿದಳು. ಆಯ್ತಮ್ಮ, ಈಗಲೇ ಕಟ್ತೀನಿ, ಎಂದು ತ್ರಿವೇಣಿ ಫೋನಿಟ್ಟಳು, ಆ ತಪ್ಪಿಗೆ ಅವಳು ಒಂದು ಗಳಿಗೆಯೂ ನಿಲ್ಲಲಿಲ್ಲ, ಹೋದಳು, ಕೆಲಸವಿತ್ತು ಅವಳಿಗೆ.

ಹಾನಗಲ್ ತಿರುವು, ಬಂಡೆಯ ಗುಡ್ಡಗಳು ಶುರುವಾದವು, ಬಿಸಿಲು ಇಳಿಯುತ್ತಿತ್ತು, ಪಕ್ಕದವಳು ಇನ್ನೂ ಭುಜದ ಮೇಲೆ, ತಳ್ಳಲಿಲ್ಲ, ಇರಲಿ, ಭುಜವೇನು ಸವೆಯುವುದಿಲ್ಲ. ಬಾಲರಾಜ್ ಇಷ್ಟು ಹೊತ್ತಿಗೆ ಚರ್ಚಿನಲ್ಲಿ ಕುರ್ಚಿ ಹಾಕುತ್ತಿರುತ್ತಾನೆ, ಹನ್ನೊಂದು ಹಾಕಿ ಹನ್ನೆರಡನೆಯದನ್ನು ಹಿಡಿದುಕೊಂಡು ನಿಂತಿರುತ್ತಾನೆ, ಹಾಕಲೋ ಬೇಡವೋ ಎಂದು, ಅವನ ಹಣೆಬರಹವೇ ಅದು, ಪೆದ್ದ, ಪೇತ್ರನಂಥ ಪೆದ್ದ, ಅಲ್ಲ, ಪೇತ್ರ ಅವನಲ್ಲ. ಪೇತ್ರನೂ ಕೊಟ್ಟೂರಪ್ಪನ ಹಾಗೆಯೇ ಅಂದದ್ದಲ್ಲವೇ, ಬೇಡ ಸ್ವಾಮಿ, ನೀವು ನನ್ನ ಕಾಲಿಗಾ, ತಿರಸ್ಕಾರದಿಂದ ಅಂದದ್ದಲ್ಲ, ಎಷ್ಟು ವರ್ಷ ನಕ್ಕಳು ಅವನನ್ನು ನೋಡಿ, ಈ ಶೇಂಗಾ ಎಣ್ಣೆಯ ಯಜಮಾನನಿಗೆ ಪೇತ್ರನ ಹೆಸರೂ ಗೊತ್ತಿಲ್ಲ, ಕಾಲು ಮಾತ್ರ ಹಾಗೆಯೇ ಎಳೆದುಕೊಂಡ. ಮತ್ತೆ ತೆಗೆಸಿ ನನ್ನ ಹೆಸರು ಎಂದವರು ಯಾರು. ಆ ಮಾತು ಯಾರದ್ದು, ಅದು ಗೌರವವಾಗಿತ್ತೇ, ಆಗಿರಲಿಲ್ಲ, ಮೂಗು ಮುರಿದು ಅಂದದ್ದು. ಸೊಂಟದ ಟವೆಲ್ಲನ್ನು ಬಿಚ್ಚಿದಳು, ಚೀಲದಿಂದ ಬೋಗುಣಿ ತೆಗೆದು ಒರೆಸಿದಳು, ನೀಲಿ ಅಂಚು, ತಳದಲ್ಲಿ ಒಂದು ಚಿಕ್ಕ ಕಪ್ಪು ಸಿಪ್ಪೆ ಅಂಟಿತ್ತು, ಆ ಗಾಯದ್ದೋ ಪಕ್ಕದವಳ ಶೇಂಗಾದ್ದೋ, ಅದನ್ನೂ ಒರೆಸಿದಳು. ಹೋಗಲಿ ಕೊಟ್ಟೂರಪ್ಪ. ಹೋಗಲಿ ಎಂದರೆ ಸಾಯಲಿ ಎಂದಲ್ಲ, ಈ ಸಲ ಅಲ್ಲ, ಉಳಿಯಲಿ ಆ ಕಾಲು, ತ್ರಿವೇಣಿಯ ಕೈಯಲ್ಲಿ, ನನ್ನ ಕೈ ಇಲ್ಲದೆ. ಚಪ್ಪಲಿಯಿಂದ ಪಾದ ಹೊರತೆಗೆದಳು, ಯಾಕೆಂದು ಗೊತ್ತಿಲ್ಲ, ಹೊಸ್ತಿಲಿಗೆ ಬಡಿದೂ ಬಡಿದೂ ಕೊಡವಿದ ಧೂಳು ಇನ್ನೂ ಅಲ್ಲೇ ಇದೆ, ಬಿರುಕುಗಳ ಒಳಗೆ ಕೂತಿದೆ, ಇದನ್ನು ಆ ಹನ್ನೆರಡನೆಯ ಕುರ್ಚಿಯಲ್ಲಿ ಚಾಚಿಕೊಂಡು ಕೂರುವುದೇ, ಸೋಪಿಲ್ಲದೆ, ಕಾಲುಚೀಲವಿಲ್ಲದೆ, ಫಾದರ್ ಮೊಳಕಾಲೂರಿ, ಬೇಡ, ಮುಟ್ಟಬ್ಯಾಡ ಎಂದು ಅವಳ ಬಾಯಿಗೇ ಬಂತು, ಬೋಗುಣಿ, ನೀರು, ಮೇಲೆದ್ದ ಕಾಲು, ಗೇಣೆತ್ತರದಲ್ಲಿ, ಇಳಿಯುತ್ತಲೂ ಇಲ್ಲ ಹಿಂದೆ ಸರಿಯುತ್ತಲೂ ಇಲ್ಲ, ಹಿಮ್ಮಡಿಯಿಂದ ತೊಟತೊಟ, ಆ ಕಾಲು, ನೀರಿನ ಮೇಲೆ ಆ ಕಾಲು, ಅದರ ಎರಡನೆಯ ಬೆರಳಿಗೆ ಬಿಗಿದು ಕಚ್ಚಿಕೊಂಡ ಕಾಲುಂಗುರ.